ಒಗೆದು ಹಾಕಿದ ರಕ್ತ

ನಿವೃತ್ತಿಯಾದ ಮೇಲೆ ಒಂದು ನರ್ಸಿಂಗ್ ಕಾಲೇಜಿನವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. "ಸ್ವಲ್ಪ ಪ್ರೇರಣೆ ಸಿಗುವಂಥದ್ದು ಹೇಳಿ ಮ್ಯಾಡಮ್, ಹುಡುಗಿಯರು ಹೆದರಬಾರದು" ಎಂದು ಪ್ರಾಂಶುಪಾಲರು ವೇದಿಕೆ ಹತ್ತುವ ಮೊದಲೇ ಕಿವಿಯಲ್ಲಿ ಹೇಳಿದರು. ನಾನು ಹೆದರುವಂಥದ್ದನ್ನೇ ಹೇಳಿದೆ. ಅವರು ಮತ್ತೆ ಕರೆಯಲಿಲ್ಲ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ. ಹಳಬರು ಓದಿ ಸಿಟ್ಟಾದರೆ ಆಗಲಿ, ಅವರಿಗಿಂತ ನನ್ನ ಸಿಟ್ಟು ಹಳೆಯದು.

ನಾನು ಅರಿವಳಿಕೆ ವೈದ್ಯೆ. ಹುಟ್ಟಿದ್ದು ವಿಜಾಪುರದಲ್ಲಿ, ಮದುವೆಯಾಗಿ ಬಂದದ್ದು ಪುಣೆಗೆ. ಸೋಲಾಪುರ ರಸ್ತೆಯ ಕಡೆ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ತೊಂಬತ್ತರ ದಶಕವನ್ನೂ ಅದರ ಮುಂದಿನ ದಶಕವನ್ನೂ ಕಳೆದೆ. ಅರಿವಳಿಕೆಗೆ ಮರಾಠಿಯಲ್ಲಿ 'ಭೂಲ್' ಎನ್ನುತ್ತಾರೆ. ಹಾಗಾಗಿ ಸಾಸವಡದಿಂದ, ದೌಂಡದಿಂದ ಬರುತ್ತಿದ್ದ ಜನರಿಗೆ ನಾನು ಭೂಲ್ ಕೊಡುವ 'ಬಾಯಿ', ಎಂದರೆ ಭೂಲ್ ಕೊಡುವ ಅಮ್ಮ. ಯಾವಾಗ ಯಾವ ಹುದ್ದೆ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನು ಬರೆಯುವುದಿಲ್ಲ. ಆ ಶಾಲುಗಳನ್ನು ಕೆಲಸದವಳಿಗೆ ಕೊಟ್ಟಾಗಿದೆ.

ರಕ್ತದ ಬಗ್ಗೆ ಮೊದಲ ಪಾಠ ಆಸ್ಪತ್ರೆಯ ಎದುರಿನ ಹೋಟೆಲಿನಿಂದ ಬಂತು. ಅದು ಉಡುಪಿ ಕಡೆಯ ಶೆಟ್ಟರ ಹೋಟೆಲು. ಅವರ ಅಡುಗೆಯವನ ತಲೆಯ ಮೇಲೆ ಅಟ್ಟದಿಂದ ಪಾತ್ರೆ ಬಿದ್ದು, ಮೈಯೆಲ್ಲ ಕೆಂಪಾಗಿ ಬಂದ. ನೋಡಿದವರು ದಾರಿ ಬಿಟ್ಟರು, ಒಬ್ಬ ಕಾಂಪೌಂಡರ್ ತಾನೇ ತಲೆ ತಿರುಗಿ ಕುಳಿತ. ತಲೆಯ ಚರ್ಮ ಹರಿದರೆ ರಕ್ತ ಧಾರಾಳವಾಗಿ ಸುರಿಯುತ್ತದೆ, ಒತ್ತಿ ಹಿಡಿದು ನಾಲ್ಕು ಹೊಲಿಗೆ ಹಾಕಿದರೆ ನಿಲ್ಲುತ್ತದೆ. ಅವನು ಸಂಜೆಯೇ ದೋಸೆ ಹುಯ್ಯುತ್ತಿದ್ದ. ಅದೇ ವಾರ ದಿವೆ ಘಾಟಿನಲ್ಲಿ ಮೋಟಾರ್ ಸೈಕಲಿನಿಂದ ಬಿದ್ದ ಒಬ್ಬ ಹುಡುಗ ನಡೆದುಕೊಂಡೇ ಬಂದ. ಅಂಗಿಯ ಮೇಲೆ ಒಂದು ಹನಿ ರಕ್ತವಿಲ್ಲ. ಬೆಂಚಿನ ಮೇಲೆ ಕುಳಿತು ಆಕಳಿಸುತ್ತಿದ್ದ, ಮತ್ತೆ ಮತ್ತೆ ನೀರು ಕೇಳುತ್ತಿದ್ದ. "ಬಿ.ಪಿ. ಸರಿಯಾಗಿದೆ ಮ್ಯಾಡಮ್" ಎಂದು ಕಿರಿಯ ಡಾಕ್ಟರ್ ಹೇಳಿ ಮುಗಿಸುವುದರೊಳಗೆ ಹುಡುಗ ಬೆಂಚಿನಿಂದ ಜಾರಿದ. ಗುಲ್ಮ ಒಡೆದು, ಹೊಟ್ಟೆಯೊಳಗೆ ರಕ್ತ ತುಂಬಿಕೊಂಡಿತ್ತು. ಅವನು ಬದುಕಿದ್ದು ನಮ್ಮ ಹಿರಿಯ ಸರ್ಜನ್ನರ ಕೈಚಳಕದಿಂದ. ಅವರ ಬಗ್ಗೆ ಮುಂದೆ ಕೆಟ್ಟದ್ದನ್ನೇ ಬರೆಯಲಿದ್ದೇನೆ, ಅದಕ್ಕೇ ಇದನ್ನು ಮೊದಲು ಹೇಳಿದೆ.

ಹೊಸಬರೇ, ಬಿ.ಪಿ. ಯಂತ್ರವನ್ನು ನಂಬಿ ಕೂರಬೇಡಿ. ರಕ್ತ ಹೋಗತೊಡಗಿದಾಗ ದೇಹ ಮೊದಲು ಮುಚ್ಚಿಡುತ್ತದೆ, ಹರೆಯದ ದೇಹವಂತೂ ಕೊನೆಯವರೆಗೂ ಮುಚ್ಚಿಡುತ್ತದೆ. ಕೈಕಾಲಿನ, ಚರ್ಮದ ರಕ್ತನಾಳಗಳನ್ನು ಬಿಗಿದು, ಇದ್ದಷ್ಟನ್ನು ಹೃದಯಕ್ಕೆ, ಮಿದುಳಿಗೆ ಉಳಿಸಿಕೊಳ್ಳುತ್ತದೆ. ಆದ್ದರಿಂದ ಪಾದ ತಣ್ಣಗಾಗುತ್ತದೆ, ಹಣೆಯ ಮೇಲೆ ತಣ್ಣನೆಯ ಬೆವರು ಬರುತ್ತದೆ, ನಾಡಿ ಎಳೆಯಾಗಿ ಓಡುತ್ತದೆ. ಬಾಯಿ ಒಣಗಿ ತಡೆಯಲಾರದ ನೀರಡಿಕೆ. ಆಮೇಲೆ ಚಡಪಡಿಕೆ, ಕಾರಣವಿಲ್ಲದ ಭಯ, ಹೊದಿಕೆ ಕಿತ್ತೆಸೆಯುವುದು, ಗಾಳಿ ಸಾಲದೆಂದು ನಿಟ್ಟುಸಿರು ಬಿಡುವುದು. ಇಷ್ಟೆಲ್ಲ ನಡೆಯುವಾಗಲೂ ಬಿ.ಪಿ. ಸರಿ ಎಂದೇ ಯಂತ್ರ ತೋರಿಸಬಹುದು. ಅದು ಬಿದ್ದಿತೆಂದರೆ ಮೈಯ ರಕ್ತದಲ್ಲಿ ಮೂರರಲ್ಲಿ ಒಂದು ಪಾಲು ಆಗಲೇ ಹೋಗಿರುತ್ತದೆ.

ಇದು ಎಲ್ಲ ಪುಸ್ತಕದಲ್ಲೂ ಇದೆ. ಪುಸ್ತಕದಲ್ಲಿ ಇಲ್ಲದ್ದು ನಮ್ಮ ಆಸ್ಪತ್ರೆಯ ರಿವಾಜು.

ಆ ಹಿರಿಯ ಸರ್ಜನ್ನರನ್ನು ಎಲ್ಲರೂ 'ಮೋಠೇ ಡಾಕ್ಟರ್' ಎನ್ನುತ್ತಿದ್ದರು, ದೊಡ್ಡ ಡಾಕ್ಟರು ಎಂದು. ಅವರಿಗೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ರಕ್ತ ಕಂಡರೆ ಏನೂ ಅನ್ನಿಸುತ್ತಿರಲಿಲ್ಲ, ವಾರ್ಡಿನಲ್ಲಿ ಕಂಡರೆ ಮೈ ಉರಿಯುತ್ತಿತ್ತು. ರೌಂಡಿಗೆ ಬಂದಾಗ ಚಾದರದ ಮೇಲೆ ಒಂದು ಕಲೆ ಇರಕೂಡದು, ಮೂಗಿಗೆ ವಾಸನೆ ಬಡಿಯಕೂಡದು. ಸಿಸ್ಟರುಗಳು ಬೈಗುಳಕ್ಕೆ ಹೆದರಿ ರೌಂಡಿಗೆ ಮುಂಚೆ ಎಲ್ಲ ಚಾದರ ಬದಲಾಯಿಸುತ್ತಿದ್ದರು. ಮಹಾರಾಷ್ಟ್ರದ ಆಸ್ಪತ್ರೆಗಳಲ್ಲಿ ಆಯಾಗಳನ್ನು ಮಾವಶಿ ಎನ್ನುತ್ತಾರೆ. ಆ ಮಾವಶಿಯರು ಹೆರಿಗೆ ವಾರ್ಡಿನ ಬಟ್ಟೆಗಳನ್ನು ಒಯ್ದು ಹಿತ್ತಿಲಿನ ತೊಟ್ಟಿಗೆ ಹಾಕುತ್ತಿದ್ದರು. ಮನೆಯವರು ಇನ್ನೂ ಒಂದು ಹೆಜ್ಜೆ ಮುಂದೆ. ಗಂಡಸು ಡಾಕ್ಟರು ಬರುತ್ತಾರೆಂದು ಅತ್ತೆಯೋ ತಾಯಿಯೋ ನಾಚಿಕೆಯಿಂದ ತಾವೇ ಬಟ್ಟೆ ಎಳೆದು ಮರೆ ಮಾಡುತ್ತಿದ್ದರು. ಹೀಗೆ ಹೆತ್ತ ಹೆಂಗಸಿನ ಮೈಯಿಂದ ಎಷ್ಟು ಹೋಯಿತೆಂದು ಹೇಳಬಲ್ಲ ಒಂದೇ ಸಾಕ್ಷಿಯನ್ನು ಎಲ್ಲರೂ ಸೇರಿ ಒಗೆದು ಹಾಕುತ್ತಿದ್ದೆವು. ಡಾಕ್ಟರು ಬಿಳಿ ಹಾಸಿಗೆ ನೋಡಿ ಸಂತೋಷಪಟ್ಟು ಮುಂದಕ್ಕೆ ಹೋಗುತ್ತಿದ್ದರು.

ಸವಿತಾ ಎಂಬ ಹುಡುಗಿ ಬಂದದ್ದು ತೊಂಬತ್ತರ ದಶಕದ ನಡುವೆ, ಆಷಾಢ ಏಕಾದಶಿಗೆ ಪಂಢರಪುರ ಮುಟ್ಟುವ ಪಾಲಖಿ, ಸಂತರ ಪಾದುಕೆಗಳ ಪಲ್ಲಕ್ಕಿ, ಪುಣೆಯಿಂದ ಸಾಸವಡಕ್ಕೆ ಹೊರಡುವ ದಿನ. ಪಾಲಖಿ ನಮ್ಮ ಬಾಗಿಲ ಮುಂದೆಯೇ ಹಾದು ಹೋಗುತ್ತದೆ. ಅಂದು ಅದರೊಂದಿಗೆ ನಡೆದು ಬರುವ ವಾರಕರಿಗಳಿಗೆ ಗೇಟಿನ ಹತ್ತಿರ ಚಹಾ, ಬಾಳೆಹಣ್ಣು ಹಂಚಲು ಬರುವ ಟ್ರಸ್ಟಿಗಳು ಅದಕ್ಕೂ ಮೊದಲು ವಾರ್ಡು ನೋಡುತ್ತಿದ್ದರು. ಎಂದಿಗಿಂತ ಹೆಚ್ಚು ಬಿಳುಪು ಬೇಕಾದ ದಿನ ಅದು. ಸವಿತಾಳ ಗಂಡ ಬಸವರಾಜ ದೌಂಡದಲ್ಲಿ ರೈಲ್ವೆ ಫಿಟ್ಟರ್. ಮನೆಯವರೆಲ್ಲ ಕನ್ನಡದವರು. ಬೆಳಿಗ್ಗೆ ಅವಳಿಗೆ ಹೆಣ್ಣು ಮಗು ಹುಟ್ಟಿತು, ಮಾಸು ಬಿತ್ತು, ಎಲ್ಲ ಸರಿ ಎಂದರು. ನಾನು ಶಸ್ತ್ರಚಿಕಿತ್ಸೆ ಮುಗಿಸಿ ಚಹಾಕ್ಕೆ ಹೋಗುತ್ತಿದ್ದೆ. ಮೋಠೇ ಡಾಕ್ಟರ್ ಟ್ರಸ್ಟಿಗಳೊಂದಿಗೆ ಆಗಷ್ಟೇ ಹೆರಿಗೆ ವಾರ್ಡಿನಿಂದ ಹೊರಬಿದ್ದಿದ್ದರು. ಬಾಗಿಲಲ್ಲಿ ಸವಿತಾಳ ಅತ್ತೆ ನೀಲವ್ವ ನನ್ನನ್ನು ತಡೆದಳು.

"ಬಾಯಾರ, ನೀವು ನಮ್ ಕಡಿಯವ್ರು ಅದೀರಂತ. ಈಕಿಗೊಂದಿಷ್ಟು ಬುದ್ಧಿ ಹೇಳ್ರಿ. ಆವಾಗಿಂದ ನೀರು ನೀರು ಅಂತ ಹಟಾ ಹಿಡದಾಳ. ಹಸಿ ಬಾಣಂತಿ ನೀರು ಕುಡದ್ರ ಹೊಟ್ಟಿ ಬರ್ತದ ಅಂದ್ರ ಕೇಳವಲ್ಲಳು."

ಬಾಣಂತಿಗೆ ನೀರು ಕೊಡಬಾರದೆಂಬ ನಮ್ಮವರ ಈ ನಂಬಿಕೆ ಎಷ್ಟು ಹೆಂಗಸರ ನಾಲಿಗೆ ಒಣಗಿಸಿದೆಯೋ. ಒಳಗೆ ಹೋದೆ. ಚಾದರ ಹಾಲಿನಷ್ಟು ಬಿಳಿ. ಹುಡುಗಿ ಅದನ್ನು ಒದೆಯುತ್ತ ಹೊರಳಾಡುತ್ತಿದ್ದಳು.

"ಮೋಠೇ ಡಾಕ್ಟರ್ ನೋಡಿದ್ರೇನು?" ಎಂದು ಸಿಸ್ಟರ್ ಶೋಭಾಳನ್ನು ಕೇಳಿದೆ.

"ನೋಡಿದರು ಮ್ಯಾಡಮ್. ಬಿ.ಪಿ. ಸರಿಯಿದೆ, ಸುಮ್ಮನೆ ಗಾಬರಿಯಾಗಿದ್ದಾಳೆ ಅಂದರು" ಎಂದು ಅವಳು ಮರಾಠಿಯಲ್ಲಿ ಹೇಳಿದಳು.

ಪಾದ ಮುಟ್ಟಿದೆ, ತಣ್ಣಗೆ. ನಾಡಿ ಬೆರಳಿಗೆ ಸಿಕ್ಕರೂ ಸಿಗದಂತೆ ಓಡುತ್ತಿತ್ತು. ಕಣ್ಣ ರೆಪ್ಪೆ ಇಳಿಸಿ ನೋಡಿದರೆ ಒಳಗೆ ಕೆಂಪೇ ಇಲ್ಲ.

"ಬಟ್ಟಿ ಎಲ್ಲದಾವ್ರಿ?"

"ತೊಳಿಯಾಕ ಹೋಗ್ಯಾವ್ರಿ" ಎಂದಳು ನೀಲವ್ವ. "ಇಷ್ಟು ಗಂಡಸರು ಬರೋ ಹೊತ್ತು, ಅವನ್ನೆಲ್ಲ ಹಂಗ ಇಡಾಕ ಬರ್ತದೇನ್ರಿ?"

ಹಿತ್ತಿಲಿಗೆ ಓಡಿದೆ. ತೊಟ್ಟಿಯ ನೀರು ಗಟ್ಟಿ ಕೆಂಪಾಗಿತ್ತು, ತಳದಲ್ಲಿ ಗಡ್ಡೆಗಳು. "ಈ ಒಂದೇ ಹಾಸಿಗೆಯದೇ?" ಎಂದರೆ ಮಾವಶಿ ಹೌದೆಂದಳು. ಬದಲಾಯಿಸಿದಷ್ಟೂ ಮತ್ತೆ ತೊಯ್ಯುತ್ತಿತ್ತಂತೆ. ರೌಂಡ್ ಇದೆ ಬೇಗ ಮಾಡು ಎಂದು ಮೇಲಿನವರು ಅವಸರ ಮಾಡಿದರಂತೆ. ಅವಳನ್ನೇನು ಬೈಯಲಿ? ಹೇಳಿದ ಕೆಲಸವನ್ನು ಅವಳು ಚೊಕ್ಕವಾಗಿ ಮಾಡಿದ್ದಳು.

ಗರ್ಭಕೋಶ ಹೆರಿಗೆಯ ನಂತರ ಬಿಗಿದು ಚೆಂಡಿನಂತಾಗಬೇಕು. ಸವಿತಾಳದು ಸಡಿಲವಾಗಿ ರಕ್ತ ಬಿಡುತ್ತಲೇ ಇತ್ತು. ನಾನು ಎರಡೂ ಕೈಯಿಂದ ಒತ್ತಿ ಹಿಡಿದೆ, ಶೋಭಾ ಇಂಜೆಕ್ಷನ್ ಕೊಟ್ಟಳು, ಎರಡೂ ಕೈಗೆ ಸಲೈನ್ ಹಚ್ಚಿದಳು. ಹೊಸ ಚಾದರ ನಿಮಿಷದಲ್ಲಿ ಕೆಂಪಾಯಿತು. ಸಲೈನ್ ಎಂದರೆ ಉಪ್ಪು ನೀರು, ಅದು ಉಸಿರನ್ನು ಹೊತ್ತು ಒಯ್ಯುವುದಿಲ್ಲ. ರಕ್ತ ಬೇಕಿತ್ತು. ಆಗ ರಕ್ತನಿಧಿ ಇದ್ದದ್ದು ಊರೊಳಗೆ. ಒಂದು ಬಾಟಲಿ ಕೊಟ್ಟರೆ ಬದಲಿಗೆ ಒಬ್ಬ ರಕ್ತ ಕೊಡಲೇಬೇಕು ಎಂಬುದು ಅವರ ಪಟ್ಟು.

ಒತ್ತುವ ಕೆಲಸವನ್ನು ಶೋಭಾಳಿಗೆ ಒಪ್ಪಿಸಿ ಹೊರಗೆ ಬಂದೆ. ಬೆಂಚಿನ ಮೇಲೆ ಬಸವರಾಜ, ಅವನ ಇಬ್ಬರು ತಮ್ಮಂದಿರು. ಮೂವರೂ ಗಟ್ಟಿಮುಟ್ಟು ಆಳುಗಳು. ವಿಷಯ ಹೇಳಿದೆ. ಬಸವರಾಜ ಎದ್ದು ನಿಂತ. ನೀಲವ್ವ ಅವನ ಅಂಗಿ ಹಿಡಿದು ಜಗ್ಗಿದಳು.

"ಕುಂಡ್ರು ಸುಮ್ನ. ಬಾಯಾರ, ಅವಗ ನಾಳೆ ಡ್ಯೂಟಿ ಅದ. ರಕ್ತಾ ತಗದ್ರ ಎಂಜಿನ್ ಕೆಳಗ ಹೋಗಿ ಕೆಲಸಾ ಮಾಡ್ತಾನೇನ್ರಿ? ದುಡಿಯೋ ಮೈ ಅದು. ಆಕಿ ಅಣ್ಣಗ ಫೋನ್ ಮಾಡ್ಸೇವಿ, ಇಂಡಿಯಿಂದ ಬರ್ತಾನ. ತವರಿನ ಮಗಳಿಗೆ ತವರಿನವ್ರು ಕೊಡ್ಲಿ."

"ಅಣ್ಣ ಬರೋತನಕ ಈಕಿ ಇರೂದಿಲ್ರಿ."

"ಹಂಗನಬ್ಯಾಡ್ರಿ, ಅಶುಭ."

"ಬಸವರಾಜ, ನಿಮ್ ಹೆಂಡತಿ. ನೀವು ಹೇಳ್ರಿ."

ಅವನು ತಾಯಿಯನ್ನು ನೋಡಿದ, ಚಪ್ಪಲಿ ನೋಡಿಕೊಂಡ, ಕುಳಿತ. ಅಷ್ಟು ದೊಡ್ಡ ಆಳು ಅಷ್ಟು ಸಣ್ಣಗಾಗಿ ಕುಳಿತದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ತಮ್ಮಂದಿರು ಪಾಲಖಿ ನೋಡಿ ಬರುತ್ತೇವೆಂದು ಹೊರಗೆ ಹೋದರು. ಅದೇ ಕಾರಿಡಾರಿನಲ್ಲಿ ಇನ್ನಷ್ಟು ಹೊತ್ತು ಬೇಡಿಕೊಂಡೆ, ಗದರಿದೆ. ಡಾಕ್ಟರಾದವಳು ಒಂದು ಬಾಟಲಿ ರಕ್ತಕ್ಕಾಗಿ ರೋಗಿಯ ಗಂಡನ ಮುಂದೆಯೇ ಕೈಯೊಡ್ಡಿ ನಿಲ್ಲಬೇಕಾದ ಕೆಲಸ ಇದು ಎಂದು ನನಗೆ ಯಾರೂ ಕಲಿಸಿರಲಿಲ್ಲ.

ನಡುವೆ ಒಳಗೆ ಹೋಗಿದ್ದ ನೀಲವ್ವ ಮತ್ತೆ ಬಂದಳು. ಈ ಸಲ ಮುಖದಲ್ಲಿ ನೆಮ್ಮದಿ.

"ನೋಡ್ರಿ, ನೀವು ಸೂಜಿ ಹಾಕ್ಸಿದ್ದು ಚಲೋ ಆತು. ನೀರು ಕೇಳೂದು ಬಿಟ್ಲು. ಸಮಾಧಾನದಿಂದ ಮಲಗ್ಯಾಳ."

ಹೊಸಬರೇ, ಈ ಮಾತನ್ನು ಕೇಳಿದರೆ ಓಡಿ. ರಕ್ತ ಕಳೆದುಕೊಂಡ ರೋಗಿ ಕೂಗುವಷ್ಟು ಹೊತ್ತು ನಿಮಗೆ ಸಮಯವಿದೆ. ಸುಮ್ಮನಾದಳೆಂದರೆ ಮಿದುಳಿಗೂ ರಕ್ತ ಸಾಲುತ್ತಿಲ್ಲ ಎಂದರ್ಥ. ಆಗ ಬಿ.ಪಿ. ಯಂತ್ರವೂ ಕೊನೆಗೆ ನಿಜ ಹೇಳಿತು, ಪಾದರಸ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಲೇ ಇಲ್ಲ.

ನಾನು ಗರ್ಭಕೋಶ ಒತ್ತಿ ಹಿಡಿದು ನಿಂತೆ, ಶೋಭಾಳನ್ನು ಎದುರಿನ ಹೋಟೆಲಿಗೆ ಓಡಿಸಿದೆ. ಶೆಟ್ಟರು ತಾವೇ ಬಂದು ಬಾಗಿಲಲ್ಲಿ ನಿಂತರು.

"ಎಂತ ಡಾಕ್ಟ್ರೇ, ಎಷ್ಟು ಜನ ಬೇಕು? ಊಟದ ಹೊತ್ತು, ಜನ ಉಂಟು ಹೋಟೆಲಿನಲ್ಲಿ. ಅಡ್ಡಿಲ್ಲ, ಬಾಗಿಲು ಹಾಕ್ತೇನೆ."

ಸಪ್ಲೈಯರುಗಳು ಹೆಗಲ ಮೇಲಿನ ಬಟ್ಟೆ ಸಮೇತ ರಿಕ್ಷಾ ಹತ್ತಿ ರಕ್ತನಿಧಿಗೆ ಹೋದರು. ಸವಿತಾ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಹೋಗುವಾಗ ಒಳದಾರಿ ಸಿಕ್ಕಿತು. ಬರುವಾಗ ರಸ್ತೆ ತುಂಬ ದಿಂಡಿ ಎನ್ನುವ ಭಜನೆಯ ತಂಡಗಳು, ತಾಳ, ಮೃದಂಗ, ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು. ರಿಕ್ಷಾ ಬಿಟ್ಟು, ರಕ್ತದ ಪೆಟ್ಟಿಗೆ ಎತ್ತಿಕೊಂಡು, ನಡೆದೇ ಬಂದರು. ಪಾಲಖಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ಅಂದು ಬರುವುದು ಊರಿಗೆಲ್ಲ ಗೊತ್ತಿತ್ತು. ಬೆಂಚಿನ ಮೇಲಿನ ಮೂವರು ಹೇಳಿದ ಕೂಡಲೇ ಎದ್ದಿದ್ದರೆ ರಸ್ತೆ ಇನ್ನೂ ಖಾಲಿ ಇರುತ್ತಿತ್ತು.

ರಕ್ತ ಏರಿತು. ಗರ್ಭಕೋಶ ಬಿಗಿಯಿತು. ಇಳಿಹೊತ್ತಿಗೆ ಸವಿತಾ ಕಣ್ಣು ಬಿಟ್ಟಳು. ಆಗ ಬಂದ ಮೋಠೇ ಡಾಕ್ಟರ್ ಮೊದಲು ನೋಡಿದ್ದು ನೆಲವನ್ನು. "ವಾರ್ಡನ್ನು ಕಟುಕರ ಅಂಗಡಿ ಮಾಡಿಟ್ಟಿದ್ದೀರಿ" ಎಂದು ಎಲ್ಲರೆದುರು ಗದರಿದರು. "ಸರ್, ಅಂಗಡಿ ಬೆಳಿಗ್ಗೆಯಿಂದ ನಡೆದಿತ್ತು, ನೀವು ಬರುವಾಗ ಮುಚ್ಚಿತ್ತು ಅಷ್ಟೇ" ಎಂದೆ. ಅವರು ನನ್ನೊಂದಿಗೆ ಬಹಳ ದಿನ ಮಾತಾಡಲಿಲ್ಲ. ಕೆಲಸ ಸುಗಮವಾಯಿತು.

ಅಂದಿನಿಂದ ಹೆರಿಗೆ ವಾರ್ಡಿನಲ್ಲಿ ಒಂದು ನಿಯಮ ಮಾಡಿದೆ. ಡಾಕ್ಟರು ನೋಡುವ ತನಕ ಒಂದು ಬಟ್ಟೆಯೂ ಹಾಸಿಗೆಯಿಂದ ಹಿತ್ತಿಲಿಗೆ ಹೋಗಕೂಡದು. ಶೋಭಾ ಅಡುಗೆಮನೆಯಿಂದ ಹಳೆಯ ತಕ್ಕಡಿ ತಂದಳು. ಒಣ ಬಟ್ಟೆಯ ತೂಕ ಕಳೆದು ತೊಯ್ದ ಬಟ್ಟೆ ತೂಗಿದರೆ ಎಷ್ಟು ರಕ್ತ ಹೋಯಿತೆಂಬ ಅಂದಾಜು ಸಿಗುತ್ತದೆ, ಅದಕ್ಕೆ ಯಾವ ದೊಡ್ಡ ವಿದ್ಯೆಯೂ ಬೇಡ. ಮೋಠೇ ಡಾಕ್ಟರ್ ಮೊದಲು "ತರಕಾರಿ ಮಾರುತ್ತೀರೇನು" ಎಂದು ನಕ್ಕರು. ಕೆಲವು ವರ್ಷದ ಮೇಲೆ ಒಂದು ಸಮ್ಮೇಳನದಲ್ಲಿ 'ನಮ್ಮ ಆಸ್ಪತ್ರೆಯ ಪದ್ಧತಿ' ಎಂದು ಆ ತಕ್ಕಡಿಯ ಫೋಟೋವನ್ನು ಪರದೆಯ ಮೇಲೆ ತೋರಿಸಿದರು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ಹೊಡೆಯಲಿಲ್ಲ.

ಸವಿತಾ ಉಳಿದಳು ಎಂದು ನಾನು ತಿಳಿದಿದ್ದೆ. ಅರಿವಳಿಕೆಯವರಿಗೆ ರೋಗಿ ವಾರ್ಡು ಬಿಟ್ಟ ಮೇಲೆ ಕಾಣುವುದಿಲ್ಲ. ಎದೆಯಲ್ಲಿ ಹಾಲು ಬರಲಿಲ್ಲ ಎಂದು ಸವಿತಾಳ ಮನೆಯವರು ಹೋಗುವಾಗ ಹೇಳಿದ್ದರಂತೆ, ಡಬ್ಬಿ ಹಾಲು ಕೊಡಿ ಎಂದು ಮೋಠೇ ಡಾಕ್ಟರ್ ಕಳಿಸಿದ್ದರಂತೆ. ಇದೆಲ್ಲ ನನ್ನ ಕಿವಿಗೆ ಬಿದ್ದದ್ದು ಹೊಸ ಶತಮಾನ ಬಂದ ಮೇಲೆ, ಮಗು ಶಾಲೆಯಲ್ಲಿ ದೊಡ್ಡ ತರಗತಿಗೆ ಬಂದಿದ್ದ ಕಾಲಕ್ಕೆ.

ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯನ್ನು ಪರೀಕ್ಷಿಸಲು ಹೋಗಿದ್ದೆ. ಮಂಚದ ಮೇಲೆ ಮೇಣದ ಬಣ್ಣದ ಹೆಂಗಸು, ಬೇಸಿಗೆಯಲ್ಲೂ ಎರಡು ಕಂಬಳಿ. ಹುಬ್ಬು ಅರ್ಧ ಉದುರಿದೆ, ಚರ್ಮ ಒಣಗಿದೆ, ದನಿ ಒಡೆದಿದೆ. ಬಿ.ಪಿ. ತೀರಾ ಕಡಿಮೆ. ಪಕ್ಕದಲ್ಲಿ ಕುಳಿತಿದ್ದ ಮುದುಕಿ ನನ್ನನ್ನು ದಿಟ್ಟಿಸಿ ನೋಡಿ, "ನೀವಾ ಅಲ್ರಿ, ಆವಾಗ ಹೋಟೆಲ್ ಹುಡುಗರ ಕೈಲೆ ರಕ್ತಾ ಕೊಡ್ಸಿದವ್ರು?" ಎಂದಳು. ನೀಲವ್ವ. ಮಂಚದ ಮೇಲಿದ್ದವಳು ಸವಿತಾ.

"ಏನಾಗೇದ್ರಿ ಈಕಿಗೆ?"

"ಏನಿಲ್ರಿ, ಮೈಗಳ್ಳತನ" ಎಂದಳು ನೀಲವ್ವ, ಸೊಸೆಯ ಎದುರೇ. "ಹಡದಾಗಿಂದ ಹಿಂಗಾ. ಕುಂತಲ್ಲೇ ಕುಂಡ್ರತಾಳ. ಒಂದು ರೊಟ್ಟಿ ಬಡಿಯಾಕ ಮುಂಜಾನಿಯೆಲ್ಲಾ ಬೇಕು. ಬೈದ್ರೂ ಮಾತಿಲ್ಲ, ಹೊಗಳಿದ್ರೂ ಮಾತಿಲ್ಲ. ಇನ್ನೊಂದು ಕೂಸೂ ಆಗಲಿಲ್ಲ. ಈ ಕಲ್ಲು ತಗಿಸಿ ತವರಿಗೆ ಬಿಟ್ಟು ಬರೂದು ಅಂತ ಮಾಡೇವ್ರಿ. ಬಸವರಾಜಗ ಇನ್ನೊಂದು ಕಡೆ ಮಾತು ನಡದದ."

ಸವಿತಾ ಗೋಡೆ ನೋಡುತ್ತಿದ್ದಳು. ನಾನು ಅವಳ ಹತ್ತಿರ ಕುಳಿತು ಕೇಳಿದೆ.

"ಹಾಲು ಬಂದಿತ್ತೇನವಾ?"

"ಒಂದು ಹನಿ ಇಲ್ರಿ."

"ಮುಟ್ಟು?"

"ಆವತ್ತಿನಿಂದ ಇಲ್ಲಾ."

ತಲೆಬುರುಡೆಯ ತಳದಲ್ಲಿ ಪಿಟ್ಯುಟರಿ ಎಂಬ ಕಡಲೆಕಾಳಿನಷ್ಟು ಗ್ರಂಥಿಯಿದೆ. ಎದೆಹಾಲು, ಮುಟ್ಟು, ಥೈರಾಯ್ಡ್, ಕಷ್ಟ ಬಂದಾಗ ಮೈ ತಡೆದುಕೊಳ್ಳುವ ಶಕ್ತಿ, ಎಲ್ಲಕ್ಕೂ ಅದರ ಅಪ್ಪಣೆ ಬೇಕು. ಬಸಿರಿನಲ್ಲಿ ಅದು ದೊಡ್ಡದಾಗುತ್ತದೆ, ರಕ್ತದ ಹಸಿವೂ ದೊಡ್ಡದಾಗುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ತುಂಬಿ ಕೊಡುವುದು ತಡವಾದರೆ, ಹೃದಯ ಚೇತರಿಸಿಕೊಳ್ಳುತ್ತದೆ, ಈ ಗ್ರಂಥಿ ಸಾಯುತ್ತದೆ. ಹೆಂಗಸು ಮನೆಗೆ ಹೋಗುತ್ತಾಳೆ, ಎಲ್ಲರೂ ಗೆದ್ದೆವು ಎನ್ನುತ್ತಾರೆ. ಅವಳೊಳಗೆ ಒಂದೊಂದೇ ದೀಪ ಆರುತ್ತ ಹೋಗುತ್ತದೆ. ಕಾರಿಡಾರಿನಲ್ಲಿ ವಾದಿಸಿದ ಹೊತ್ತಿನ ಬೆಲೆಯನ್ನು ಸವಿತಾ ಅಷ್ಟು ವರ್ಷ ತೆತ್ತಿದ್ದಳು. ಮೇಲೆ ಮೈಗಳ್ಳಿ ಎಂಬ ಹೆಸರು ಬೇರೆ.

ಶಸ್ತ್ರಚಿಕಿತ್ಸೆ ರದ್ದು ಮಾಡಿದೆ. ಈ ಸ್ಥಿತಿಯಲ್ಲಿ ಅರಿವಳಿಕೆ ಕೊಟ್ಟಿದ್ದರೆ ಅವಳು ಮೇಜಿನ ಮೇಲಿಂದ ಏಳುತ್ತಿರಲಿಲ್ಲ. "ಎಲ್ಲ ತಯಾರಾದ ಮೇಲೆ ಇದೇನು ಹೊಸ ರಗಳೆ?" ಎಂದು ಮೋಠೇ ಡಾಕ್ಟರ್ ಫೋನಿನಲ್ಲಿ ರೇಗಿದರು. "ಹೊಸದಲ್ಲ ಸರ್, ಪಾಲಖಿ ದಿನದ್ದು" ಎಂದು ಫೋನಿಟ್ಟೆ. ಗ್ರಂಥಿ ತಜ್ಞರೊಬ್ಬರು ರಕ್ತಪರೀಕ್ಷೆ ಮಾಡಿಸಿ ಅದೇ ಎಂದು ಖಚಿತಪಡಿಸಿದರು, ಸತ್ತ ಗ್ರಂಥಿಯ ಕೆಲಸ ಮಾಡುವ ಗುಳಿಗೆ ಶುರು ಮಾಡಿದರು. ಆ ಸಂಜೆ ಸವಿತಾಳಿಗೆ ಎಲ್ಲವನ್ನೂ ನಿಧಾನವಾಗಿ ಬಿಡಿಸಿ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು.

"ಹಂಗಾದ್ರ ನಾ ಮೈಗಳ್ಳಿ ಅಲ್ಲೇನ್ರಿ?"

"ಅಲ್ಲವಾ."

ಅವಳು ಅಳಲಿಲ್ಲ. ಅಳುವುದಕ್ಕೂ ಮೈಯಲ್ಲಿ ಏನಾದರೂ ಇರಬೇಕಾಗುತ್ತದೆ. ನಾನು ನನ್ನ ಕೋಣೆಗೆ ಹೋಗಿ ಅತ್ತುಬಿಟ್ಟೆ, ದುಃಖಕ್ಕಿಂತ ಹೆಚ್ಚು ಸಿಟ್ಟಿನಿಂದ.

ಕೆಲವು ತಿಂಗಳ ಮೇಲೆ ಆ ಶಸ್ತ್ರಚಿಕಿತ್ಸೆಯನ್ನು ನಿರಾತಂಕವಾಗಿ ಮುಗಿಸಿದೆವು. ಆಮೇಲೆ ತೋರಿಸಿಕೊಂಡು ಹೋಗಲು ಅತ್ತೆ, ಮಗ, ಸೊಸೆ ಮೂವರೂ ಬಂದರು. ಸವಿತಾ ಮುಂದೆ ನಡೆಯುತ್ತಿದ್ದಳು. ಕಂಬಳಿ ಇಲ್ಲ, ಕೆನ್ನೆಗೆ ಬಣ್ಣ ಬಂದಿತ್ತು. ನೀಲವ್ವ ಕುರ್ಚಿಗೆ ಕುಳಿತವಳೇ ಎಂದಿನಂತೆ, "ಈಗ ಎದ್ದು ಓಡಾಡ್ತಾಳ್ರಿ, ಅದೇನ್ ಮೊದಲಾ ಮಾಡಿದ್ರ..." ಎಂದು ಶುರು ಮಾಡಿದಳು.

"ಅತ್ತಿ" ಎಂದಳು ಸವಿತಾ. ಆ ದನಿ ನಾನು ಎಂದೂ ಕೇಳಿರದ ದನಿ. "ಆವತ್ತು ನಿಮ್ ಮಗನ್ನ ಕುಂಡ್ರಿಸಿದ್ರಿ. ಮ್ಯಾಲ ಇಷ್ಟು ವರ್ಷ ನನಗ ಮೈಗಳ್ಳಿ ಅಂದ್ರಿ. ಬಾಯಾರ ಮುಂದ ಹೇಳ್ರಿ, ಎರಡರಾಗ ಯಾವುದು ನಂದು ತಪ್ಪು?"

ನಂತರ ಗಂಡನ ಕಡೆ ತಿರುಗಿದಳು. "ಮತ್ತ ನೀವು. ಇನ್ನೊಂದು ಕಡೆ ಮಾತು ನಡದಿತ್ತಲ್ಲ, ಅಲ್ಲೂ ಹೇಳಿ ಬರ್ರಿ, ಹೆಂಡತಿಗೆ ರಕ್ತಾ ಕೊಡಾಕ ಅವ್ವನ್ನ ಕೇಳಬೇಕಾಗ್ತದ ಅಂತ."

ಬಸವರಾಜ ಮತ್ತೆ ಚಪ್ಪಲಿ ನೋಡಿಕೊಂಡ. ಹೊರಗಿನ ಸಾಲಿನಲ್ಲಿದ್ದವರು ಕಿವಿ ಕೊಟ್ಟು ಕೇಳುತ್ತಿದ್ದರು, ಕನ್ನಡ ಬಾರದವರಿಗೂ ಅರ್ಥವಾಗುವ ಹಾಗಿತ್ತು. ಸವಿತಾ ಔಷಧದ ಚೀಟಿ ತೆಗೆದುಕೊಂಡು, ಯಾರಿಗೂ ಕಾಯದೆ, ಮೆಡಿಕಲ್ ಅಂಗಡಿಯ ಕಡೆ ನಡೆದಳು. ಗಂಡ ಹಿಂದೆಯೇ ಹೋದ.

ನೀಲವ್ವ ಉಳಿದಳು. ಮೇಜಿನ ಮೇಲೆ ಬಾಗಿ, ದನಿ ತಗ್ಗಿಸಿ ಕೇಳಿದಳು.

"ಬಾಯಾರ, ಆ ಗುಳಿಗಿ ಸ್ವಲ್ಪ ಕಡಿಮಿ ಮಾಡಾಕ ಬರ್ತದೇನ್ರಿ? ಭಾಳ ತಿರುಗಿ ಮಾತಾಡ್ತಾಳ್ರಿ ಈಗ."

"ಬರೂದಿಲ್ರಿ" ಎಂದೆ. "ಆಕಿ ಇರೋತನಕ ಅಷ್ಟಾ ತಗೋಬೇಕು."